ಟೇಪು ಮಾಮನ ಕಿವಿ

ಲಾಂಡ್ರಿಗೂ ಬೀಗದ ಕೈ ಮಾಡುವವನ ಪೆಟ್ಟಿಗೆ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ರಿಪೇರಿ ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಕರೆಯುವುದು ಟೇಪು ಮಾಮ ಅಂತಲೇ. ಟೇಪ್ ರೆಕಾರ್ಡರುಗಳನ್ನು ಜನ ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತು. ಮಾಮ ಮಾತ್ರ ಹಿಡಿದ ಕಸುಬು ಬಿಡಲಿಲ್ಲ. ಮನೆಗಳಲ್ಲಿ ಯಾವತ್ತೋ ತುಂಬಿಸಿಟ್ಟ ಹಾಡುಗಳನ್ನು ಟೇಪಿನಿಂದ ಬಿಡಿಸಿ ಕಂಪ್ಯೂಟರಿಗೆ ಇಳಿಸಿಕೊಡುತ್ತಾನೆ. "ಮಾಮನ ಕಿವಿ ಅಂದ್ರೆ ಕಿವಿ" ಎಂಬ ಮಾತೇ ಅವನ ಅಂಗಡಿಯ ಬೋರ್ಡು.

ಆ ಕಿವಿಯೇ ಈಗ ಕೈಕೊಟ್ಟಿತ್ತು. ಫೋನು ಹೊಡೆದುಕೊಂಡರೂ ಗೊತ್ತಾಗುತ್ತಿರಲಿಲ್ಲ. "ಏನ್ರೀ, ಕೂಗಿ ಕೂಗಿ ನನ್ನ ಗಂಟಲು ಹರಿದುಹೋಯ್ತು" ಎಂದು ಹೆಂಡತಿ ರೇಗಿದರೆ, "ಕೆಲಸದಲ್ಲಿ ಮುಳುಗಿದ್ದೆ ಕಣೇ" ಎನ್ನುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅಂಥ ಹೊತ್ತಿಗೇ ಆ ತಾಯಿ ಮಗಳು ಬಂದರು. ಮಗಳ ಕೈಯಲ್ಲಿ ದೊಡ್ಡ ಸುರುಳಿಯ ಹಳೆಯ ಟೇಪು. ತಾಯಿಯ ಕತ್ತಿಗೆ ಸುತ್ತಿದ ಬಟ್ಟೆ. ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಗಿತ್ತು.

"ಅಪ್ಪ ಹೋಗಿ ವರ್ಷಗಳಾಯ್ತು. ಇದ್ರಲ್ಲಿ ಅವರು ಪಿಟೀಲು ನುಡಿಸ್ತಾರೆ, ಆಮೇಲೆ ಅಮ್ಮ ಒಂದು ಹಾಡು ಹಾಡ್ತಾರೆ. ಅಮ್ಮನ ದನಿ ಅಂತ ಉಳಿದಿರೋದು ಇದೊಂದೇ ಮಾಮ" ಎಂದಳು ಮಗಳು.

ಮಾಮ ಟೇಪಿನ ತುದಿಯನ್ನು ಸವರಿ ನೋಡಿದ. ಬೆರಳಿಗೆ ಕಂದು ಪುಡಿ ಮೆತ್ತಿಕೊಂಡಿತು. ದನಿ ಕೂತಿರುವುದೇ ಆ ಪುಡಿಯಲ್ಲಿ.

"ಒಂದೇ ಸಲ ಓಡುತ್ತೆ ತಾಯಿ. ಓಡ್ತಾ ಓಡ್ತಾನೇ ಉದುರಿಹೋಗುತ್ತೆ. ಇನ್ನೊಂದ್ಸಲ ಹಾಕಿದ್ರೆ ಏನೂ ಇರಲ್ಲ."

"ಹಾಕಿ ಮಾಮ. ನಿಮ್ಮ ಕಿವಿ ಇದೆಯಲ್ಲ!"

ಮನೆಯಲ್ಲಿ ತುಂಬಿಸಿದ ಟೇಪುಗಳದ್ದು ಒಂದು ರಗಳೆ. ತುಂಬಿಸಿದ ಯಂತ್ರದ ಹೆಡ್ಡು, ಅಂದರೆ ಟೇಪಿಗೆ ತಾಗಿ ದನಿ ಹಿಡಿಯುವ ತುಣುಕು, ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಬೇರೆ ಯಂತ್ರದಲ್ಲಿ ದನಿ ಕಂಬಳಿ ಹೊದ್ದುಕೊಂಡು ಬರುತ್ತದೆ. ಟೇಪು ಓಡುತ್ತಿರುವಾಗಲೇ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸುತ್ತಾ, ಕಿವಿಯಿಂದಲೇ ಸರಿಯಾದ ಜಾಗ ಹಿಡಿಯಬೇಕು. ಅದೂ ಪಿಟೀಲು ಮುಗಿಯುವಷ್ಟರಲ್ಲಿ. ತಪ್ಪಿದರೆ ಹಾಡು ಕಂಬಳಿಯೊಳಗೇ ಮುಗಿದುಹೋಗುತ್ತದೆ.

ಕಂಪ್ಯೂಟರನ್ನು ಸಿದ್ಧಮಾಡಿ ಮಾಮ ಗುಂಡಿ ಒತ್ತಿದ. ಸುರುಳಿ ತಿರುಗಿತು, ಪಿಟೀಲು ಬಂತು. ಸ್ಕ್ರೂ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಎರಡೂ ಒಂದೇ ಥರ ಕೇಳಿಸಿತು. "ಹಾಂ, ಬಂತು" ಎಂದು ಸುಳ್ಳೇ ತಲೆಯಾಡಿಸಿದ.

ತಾಯಿ ಮೇಜನ್ನು ಪಟಪಟ ಬಡಿದರು. ಇಲ್ಲ, ಇಲ್ಲ ಎಂದು ಜೋರಾಗಿ ತಲೆ ಅಲ್ಲಾಡಿಸಿದರು.

ಹೆಡ್ಡಿನ ಕೆಳಗೆ ಕಂದು ಪುಡಿ ಗುಡ್ಡೆಯಾಗುತ್ತಿತ್ತು. ಇಷ್ಟು ವರ್ಷ ಉಳಿಸಿಕೊಂಡ ಹೆಸರು ಇವತ್ತಿಗೆ ಮುಗಿಯಿತು ಅನ್ನಿಸಿತು ಮಾಮನಿಗೆ. ಆದರೂ ಬಾಯಿ ಬಿಟ್ಟ.

"ಅಮ್ಮಾ, ನನ್ನ ಕಿವಿ ಹೋಗಿದೆ. ಸೂಕ್ಷ್ಮ ಒಂದೂ ಗೊತ್ತಾಗ್ತಿಲ್ಲ. ಆ ಪಿಟೀಲು ಹೇಗಿತ್ತು ಅಂತ ಗೊತ್ತಿರೋದು ನಿಮಗೊಬ್ಬರಿಗೇ, ನೀವೇ ಹೇಳ್ಬೇಕು!"

ಹೇಳಬೇಕಾದವರಿಗೆ ಬಾಯಿಲ್ಲ, ಕೇಳಬೇಕಾದವನಿಗೆ ಕಿವಿಯಿಲ್ಲ. ಮಗಳ ಮುಖ ಬಿಳಿಚಿಕೊಂಡಿತು. "ಅಂದ್ರೆ ಮಾಮ, ನೀವು..."

"ಆಮೇಲೆ ಬೈಯುವಿಯಂತೆ, ಈಗ ಸುಮ್ನಿರಮ್ಮ!"

ತಾಯಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಕಣ್ಣು ಮುಚ್ಚಿ ತೋರುಬೆರಳು ಎತ್ತಿದರು. ಸ್ಕ್ರೂ ಬಲಕ್ಕೆ ತಿರುಗಿದರೆ ಬೆರಳು ಬೇಡವೆಂದು ಆಡಿತು. ಎಡಕ್ಕೆ ತಿರುಗಿದರೆ, ಇನ್ನೂ, ಇನ್ನೂ ಎಂದು ಕರೆಯಿತು. ಪಿಟೀಲು ಕೊನೆಯ ಸುತ್ತಿಗೆ ಬಂದಿತ್ತು. ಅಷ್ಟು ಮಾಮನಿಗೂ ತಿಳಿಯುತ್ತಿತ್ತು. ಒಮ್ಮೆಲೇ ಬೆರಳು ಮತ್ತೆ ಬೇಡವೆಂದಿತು. ಅವನು ಜಾಗ ದಾಟಿಬಿಟ್ಟಿದ್ದ. ಉಸಿರು ಬಿಗಿಹಿಡಿದು ಚೂರೇ ಚೂರು ಹಿಂದಕ್ಕೆ ತಂದ. ಬೆರಳು ನೆಟ್ಟಗೆ ನಿಂತಿತು. ಮಾಮ ಸ್ಕ್ರೂಡ್ರೈವರ್ ಕೆಳಗಿಟ್ಟುಬಿಟ್ಟ.

ಪಿಟೀಲು ನಿಂತು ಹಾಡು ಶುರುವಾಯಿತು. ಅವನಿಗೆ ಕೇಳಿಸಿದ್ದು ಅರ್ಧಂಬರ್ಧ. ಚೆನ್ನಾಗಿ ಬರುತ್ತಿದೆ ಎಂದು ಗೊತ್ತಾದದ್ದು ಮಗಳನ್ನು ನೋಡಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿದ್ದಳು. ತಾಯಿ ಅಳಲಿಲ್ಲ. ಎತ್ತಿದ ಬೆರಳು ಇಳಿಸಲೂ ಇಲ್ಲ.

ಹಾಡು ಮುಗಿದ ಮೇಲೆ ಟೇಪಿನೊಳಗಿನ ಹರೆಯದ ಹೆಂಗಸು ನಕ್ಕಳು. ಮೈಕಿನ ತೀರಾ ಹತ್ತಿರ ಬಂದು, ಮಾಮನಿಗೂ ಕೇಳಿಸುವಷ್ಟು ಜೋರಾಗಿ ಕೇಳಿದಳು: "ಸರಿಯಾಗಿ ಬಂತೇನ್ರೀ? ಇನ್ನೊಂದ್ಸಲ ಹಾಡ್ಲಾ?"

ಗಂಡ ಏನೆಂದನೋ, ಅಷ್ಟರಲ್ಲಿ ಟೇಪು ಮುಗಿದು ಅದರ ಬಾಲ ಪಟಪಟ ಬಡಿಯತೊಡಗಿತು. ಸುರುಳಿಯ ಮೇಲೆ ಉಳಿದದ್ದು ಬರೀ ಪ್ಲಾಸ್ಟಿಕ್ಕು.

ತಾಯಿ ಕಣ್ಣು ತೆರೆದು ಮಾಮನನ್ನೇ ನೋಡುತ್ತಿದ್ದರು.

"ಬೇಡಮ್ಮಾ" ಎಂದ ಮಾಮ. "ಒಂದೇ ಸಲಕ್ಕೆ ಸರಿಯಾಗಿ ಬಂತು."

ಆಗ ಅವರು ಬೆರಳು ಇಳಿಸಿದರು.