ಮೈಲಾರಲಿಂಗಪ್ಪನವರ ಬೆಲ್ಜಿಯಂ

ಮೈಲಾರಲಿಂಗಪ್ಪನವರು ಯಾವ ವಸ್ತುವನ್ನೂ ಮುಂದಿನಿಂದ ನೋಡಿದವರಲ್ಲ. ಹೂದಾನಿ ಕೊಟ್ಟರೆ ಬುಡಮೇಲು ಮಾಡುವರು, ಕಪ್ಪಿನ ಕೆಳಗಿಡುವ ಬಸಿ ಕೊಟ್ಟರೆ ಮಗುಚುವರು. ಒಮ್ಮೆ ಬೀಗರ ಮನೆಯಲ್ಲಿ ಚಹಾ ತುಂಬಿದ ಕಪ್ಪಿನ ತಳ ನೋಡಲು ಹೋಗಿ ಅಂಗಿಯ ಮೇಲೆ ಸುರುವಿಕೊಂಡಿದ್ದರು. ತಳದಲ್ಲಿ ಅಚ್ಚೋ ಅಂಕಿಯೋ ಕಂಡರೆ ಸಾಕು, ಅದು ಯಾವ ದೇಶದ್ದು, ಯಾವ ಕಾರಖಾನೆಯದ್ದು ಎಂದು ಹೇಳಿಬಿಡುವರು. ಕೇಳುವವರಿಗೆ ಗೊತ್ತಿರಲಿಲ್ಲ, ಹೇಳುವವರಿಗೂ ಗೊತ್ತಿರಲಿಲ್ಲ. ಹೀಗಾಗಿ ತಕರಾರು ಬರಲಿಲ್ಲ.

ಮಾಮಲೇದಾರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ, ಕಾಗದದಲ್ಲಿ ಏನಿದೆ ಎಂದು ಓದದೆ ಸಿಕ್ಕಾ, ಮುದ್ರೆ ಮಾತ್ರ ನೋಡಿ ಮುಂದಕ್ಕೆ ತಳ್ಳಿದವರು ಅವರು. ಪೆನ್ಶನ್ ಆದ ಮೇಲೆ ಅದೇ ವಿದ್ಯೆಯನ್ನು ಹಳೆಯ ಗಾಜಿನ ಮೇಲೆ ಪ್ರಯೋಗಿಸಿದರು. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಅಲ್ಲಿಯ ಸ್ಟೂಲೇ ಅವರ ಗದ್ದುಗೆ. ಅವರ ಮಾತಿನಿಂದ ದೊಡ್ಡ ಮನೆಗಳ ಗಿರಾಕಿ ನನಗೆ ಬರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಚಹಾ ತರಿಸುತ್ತಿದ್ದೆ.

೧೯೬೧ರಲ್ಲಿ ಧಾರವಾಡದ ದೇಸಾಯರು ತಮ್ಮ ವಾಡೆ ಖಾಲಿ ಮಾಡಿದಾಗ, ಗಾಜಿನ ಮೇಲೆ ಕೈಯಿಂದ ಬರೆದ ಆರು ಚಿತ್ರಗಳು ನನ್ನ ಅಂಗಡಿಗೆ ಬಂದವು. ವೀಣೆ ಹಿಡಿದ ಹೆಣ್ಣು, ಗಿಳಿಗೆ ಪೇರಲಹಣ್ಣು ತಿನ್ನಿಸುವ ಹೆಣ್ಣು, ಹೀಗೆ ಆರು. ಮುಂಬೈಯ ಒಂದು ಸಂಗ್ರಹಾಲಯಕ್ಕೆ ಹೋಗಬೇಕಾಗಿದ್ದವು. ಹೊಸ ಕಟ್ಟು ಹಾಕುವುದು ನನ್ನ ಕೆಲಸ. ಮಾಡಿದವರು ಯಾರು ಎಂದು ಚೀಟಿ ಬರೆಯುವುದು ಮೈಲಾರಲಿಂಗಪ್ಪನವರ ಕೆಲಸ.

ಹಳೆಯ ಕಟ್ಟು ಬಿಚ್ಚಿ ಹಿಂದೆ ತಿರುವಿದರು. ಮೂಲೆಯಲ್ಲಿ ಹಳದಿಗಟ್ಟಿದ ಒಂದು ಸಣ್ಣ ಅಚ್ಚಿನ ಚೀಟಿ ಇತ್ತು.

"ಬೆಲ್ಜಿಯಂ!" ಎಂದು ನನ್ನ ಕಡೆ ತಿರುಗಿ ಸ್ಟೂಲಿನಿಂದ ಎದ್ದೇಬಿಟ್ಟರು. "ನೋಡೋ ಹನುಮಪ್ಪ, ಈ ಕೈ ನಮ್ಮ ಕಡಿಯವರದಲ್ಲ ಅಂತ ನಾ ಮೊದಲ ಅಂದಿದ್ದೆ."

ಸುದ್ದಿ ಗೋಪನಕೊಪ್ಪದ ಕರೀಮಾಬಿಯ ಕಿವಿಗೆ ಬಿತ್ತು. ಎಪ್ಪತ್ತು ದಾಟಿದ ಆಕೆ ಉರಿಬಿಸಿಲಲ್ಲಿ ನಡೆದುಕೊಂಡೇ ಅಂಗಡಿಗೆ ಬಂದಳು.

"ಸಾಹೇಬ್ರ, ಇವು ನಮ್ಮ ಮನಿಯವರು ಬರದದ್ದ್ರಿ. ಖಾದರಬಾಷಾ ಅಂತ ಹೆಸರು. ನಾ ಹೊಸದಾಗಿ ಲಗ್ನಾಗಿ ಬಂದಾಗ ದೇಸಾಯರ ವಾಡೇದಾಗ ಕುಂತು ಬರದ್ರು. ಚೀಟ್ಯಾಗ ಅವರ ಹೆಸರೊಂದು ಬರೀರಿ. ನನಗ ಮತ್ತೇನೂ ಬ್ಯಾಡ."

"ಖೂನ, ಗುರುತು ಏನೈತಿ?" ಎಂದರು ಮೈಲಾರಲಿಂಗಪ್ಪನವರು, ತಲೆ ಎತ್ತದೆ.

"ಮುಂದಿಂದ ನೋಡ್ರಿ. ಆರೂ ಹೆಣ್ಣಿನ ಗದ್ದದ ಎಡಕ್ಕ ಒಂದೊಂದು ಮಚ್ಚಿ ಐತಿ. ಗಾಜಿನ ಚಿತ್ರಾ ಹಿಂದಿಂದ ಬರೀತಾರ್ರಿ. ಮ್ಯಾಲ ಕಾಣೂದನ್ನ ಮೊದಲ ಇಡಬೇಕು. ಮೊದಲ ಮಚ್ಚಿ, ಆಮ್ಯಾಲ ಮಾರಿ ಬಣ್ಣಾ. ಮಾರಿ ಮುಗದ ಮ್ಯಾಲ ಯಾರರ ಇಟ್ರ ಅದು ಬಣ್ಣದ ಹಿಂದ ಮುಚ್ಚಿ ಹೋಗತೈತಿ. ಆ ಚೀಟಿ ಬರೇ ಗಾಜು ಮಾಡಿದವರದ್ರಿ, ಚಿತ್ರಾ ಬರದವರದಲ್ಲ."

ಹೇಳುತ್ತಾ ಬೆವರು ಒರೆಸಿಕೊಳ್ಳಲು ಸೆರಗು ಸರಿಸಿದಳು. ಸುಕ್ಕುಗಟ್ಟಿದ ಗದ್ದದ ಎಡಕ್ಕೆ, ಸಾಸಿವೆಯಷ್ಟು ಕರಿ ಮಚ್ಚೆ. ನನಗೆ ಕಂಡಿತು. ಆ ಪಂಡಿತರು ಚೀಟಿಯ ಅಕ್ಷರ ಎಣಿಸುತ್ತಿದ್ದರು.

"ಮಚ್ಚಿ ಎಲ್ಲಿದು ಖೂನ? ಖೂನ ಅಂದ್ರ ಅಕ್ಷರ ಇರಬೇಕು, ನಂಬರ ಇರಬೇಕು. ಇದನ್ನ ಗೋಪನಕೊಪ್ಪದಾಂವ ಬರದಾನ ಅಂದ್ರ ಮುಂಬೈದವರು ನನ್ನ ನೋಡಿ ನಗತಾರ. ಹೋಗವ್ವಾ, ಹೊತ್ತು ಕಳೀಬ್ಯಾಡ."

ಕರೀಮಾಬಿ ನನ್ನ ಮುಖ ನೋಡಿದಳು. ಆಕೆ ಹೇಳಿದ್ದು ಖರೆ ಎಂದು ನನಗೆ ಗೊತ್ತಿತ್ತು. ಅಂಥ ಚೀಟಿಗಳನ್ನು ಗಾಜಿನ ಹಾಳೆಗಳಿಂದ ಕೆರೆದು ತೆಗೆಯುವುದು ನನ್ನ ತಂದೆಯ ಕಾಲದಿಂದ ಅಂಗಡಿಯ ಕೆಲಸ. ಹಳೆಯ ಡಬ್ಬಿಯಲ್ಲಿ ಇನ್ನೂ ಹತ್ತಿಪ್ಪತ್ತು ಬಿದ್ದಿದ್ದವು. ನಾನು ತಲೆ ತಗ್ಗಿಸಿ ಅಂಟು ಕಲಸಿದೆ. ಆಕೆ ಹೋದ ಮೇಲೆ ಮೈಲಾರಲಿಂಗಪ್ಪನವರ ದುಂಡಕ್ಷರದ ಆರು ಚೀಟಿಗಳು ಆರು ಚಿತ್ರಗಳ ಬೆನ್ನಿಗೆ ಬಿದ್ದವು. ಚಿತ್ರಗಳು ಮುಂಬೈ ರೈಲು ಹತ್ತಿದವು.

೧೯೬೭ರಲ್ಲಿ ಮೈಲಾರಲಿಂಗಪ್ಪನವರು ತೀರಿಕೊಂಡರು. ಮಕ್ಕಳು ಅವರ ಫೋಟೋ ತಂದರು, ಶಾಲು ಹೊದ್ದು ದೊಡ್ಡ ವಿದ್ವಾಂಸರಂತೆ ಕುಳಿತದ್ದು. ಕಟ್ಟು ಹಾಕಿ, ಡಬ್ಬಿಯಿಂದ ಒಂದು ಹಳದಿ ಚೀಟಿ ತೆಗೆದು ಹಿಂದೆ ಅಂಟಿಸಿದೆ. ಅವರ ಶಾಸ್ತ್ರದ ಪ್ರಕಾರ ಇನ್ನು ಅವರೂ ಬೆಲ್ಜಿಯಂನವರೇ. ಒಬ್ಬನೇ ಒಂದು ವಾರ ನಕ್ಕೆ.

ಆ ತಿಂಗಳೇ ಕರೀಮಾಬಿ ಒಡೆದ ಕನ್ನಡಿಗೆ ಗಾಜು ಹಾಕಿಸಲು ಬಂದಳು. ಕೇಳಿ ಹೊಟ್ಟೆ ತಣ್ಣಗಾಗಲಿ ಎಂದು ಆಕೆಗೆ ಎಲ್ಲ ಹೇಳಿದೆ. ಆಕೆ ನಗಲಿಲ್ಲ.

"ಅವರಿಗಂತೂ ಗೊತ್ತಿರಲಿಲ್ಲ, ಹನುಮಪ್ಪಣ್ಣ," ಎಂದಳು. "ಆವತ್ತ ಅಂಟಿನ ಬ್ರಶ್ ಯಾರ ಕೈಯಾಗಿತ್ತು?"