ಸೀರೆಗೆ ಬೆಳಕು ಅಳೆದ ದಿವಾಕರ

ಗದಗ-ಬೆಟಗೇರಿಯ ದಿವಾಕರ ಸೂರತ್ತಿನ ಸೀರೆ ಮಾರುಕಟ್ಟೆಯಲ್ಲಿ ಕ್ಯಾಟಲಾಗ್ ಫೋಟೊ ತೆಗೆಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಬೆಳಕಿನ ಉಪಾಸಕ’ ಎಂದು ಹಾಕಿಸಿಕೊಂಡಿದ್ದ, ಅದೂ ಗುಜರಾತಿಯಲ್ಲಿ. ಬೆಳಕು ಅಳೆಯುವ ಮೀಟರನ್ನು ಮಾತ್ರ ಎಂದೂ ಇಟ್ಟುಕೊಂಡವನಲ್ಲ. ಕಣ್ಣಿದ್ದವನಿಗೆ ಮೀಟರ್ ಯಾಕೆ ಎಂಬುದು ಅವನ ವಾದ.

ದೀಪಾವಳಿ ಮುಗಿದ ವಾರ ವ್ಯಾಪಾರಿ ಯಶವಂತ್ ಭಾಯ್ ಕರೆದು ಚಹಾ ಕುಡಿಸಿ, ಇನ್ನು ಮಾಡೆಲ್ ಹುಡುಗಿಯರು ಬೇಡ ಎಂದರು. ತಲೆಯಿಲ್ಲದ ಗೊಂಬೆಗೆ ಸೀರೆ ಉಡಿಸಿ ತೆಗೆದರೆ ಸಾಕು, ಮುಖ ಕೈಕಾಲು ಕಂಪ್ಯೂಟರ್ ಹಚ್ಚುತ್ತದೆ. ಆದರೆ ಕಂಪ್ಯೂಟರಿನವರು ದಿವಾಕರನ ಹಳೆಯ ಫೋಟೊಗಳಿಗೆ ಹಚ್ಚಿ ನೋಡಿ ವಾಪಸ್ ಕಳಿಸಿದ್ದರು. ಅವುಗಳಲ್ಲಿ ಒಂದು ತಿಳಿ, ಒಂದು ಮಬ್ಬು. ಹಚ್ಚಿದ ಮುಖ ಸೀರೆಗೆ ಹೊಂದುತ್ತಿಲ್ಲ. ಸೋಮವಾರ ಮುನ್ನೂರು ಸೀರೆ ಬರುತ್ತವೆ. ಎಲ್ಲವೂ ಒಂದೇ ಬೆಳಕಿನಲ್ಲಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ನಯವಾಗಿಯೇ ಹೇಳಿದರು.

ದಿವಾಕರ ದುಃಖಕ್ಕಾಗಿ ಕಾದ. ನಾಳೆ ಬರುತ್ತೇನೆಂದ ಎಲೆಕ್ಟ್ರಿಷಿಯನ್‌ನಂತೆ ಅದು ಬರಲೇ ಇಲ್ಲ. ಸಿಟ್ಟಾದರೂ ಬಂದೀತೆಂದು ನೋಡಿದ. ಅದೂ ಇಲ್ಲ. ಬೀದಿಯಲ್ಲಿ ನಿಂತು, ಕಡಲೆಹಿಟ್ಟು ಬೇಯಿಸಿ ಮಾಡುವ ಸೂರತ್ತಿನ ತಿಂಡಿ ಲೋಚೊ ತಿಂದ. ಖಾರವೋ ಸಪ್ಪೆಯೋ ತಿಳಿಯಲಿಲ್ಲ.

ಶನಿವಾರ ಮೀಟರ್ ಕೊಳ್ಳಲು ಹೆಂಡತಿ ನಳಿನಿಯ ಜೊತೆ ರೈಲಿನಲ್ಲಿ ಅಹಮದಾಬಾದಿಗೆ ಹೊರಟ. ಗೊಂಬೆಗೆ ಸೀರೆ ಉಡಿಸುವ ಕೆಲಸ ಈಗ ಅವಳದೇ. ಮೀಟರುಗಳ ಬಗ್ಗೆ ಅವನು ಎದುರು ಸೀಟಿನವನಿಗೆ ಕೊಟ್ಟ ಉಪನ್ಯಾಸ ವಡೋದರಾದವರೆಗೆ ನಡೆಯಿತು. ಎದುರು ಸೀಟಿನವನು ವಡೋದರಾದಲ್ಲಿ ಇಳಿದುಕೊಂಡ.

ಹಳೆ ಕ್ಯಾಮೆರಾ ಅಂಗಡಿಯವರು ಎರಡು ಮೀಟರ್ ತೆಗೆದಿಟ್ಟರು. ಒಂದು ಪಿಸ್ತೂಲಿನಂಥದ್ದು, ಕಣ್ಣಿಗೆ ಹಿಡಿದು ದೂರದಿಂದಲೇ ಗುರಿಯಿಟ್ಟರೆ ಆ ಜಾಗದಿಂದ ವಾಪಸು ಬರುವ ಬೆಳಕನ್ನು ಅಳೆಯುತ್ತದೆ. ಇನ್ನೊಂದು ಸಾಬೂನು ಡಬ್ಬಿಗೆ ಅರ್ಧ ಪಿಂಗ್‌ಪಾಂಗ್ ಚೆಂಡು ಅಂಟಿಸಿದಂತಿತ್ತು. ವಸ್ತುವಿನ ಪಕ್ಕ ಹೋಗಿ ಚೆಂಡನ್ನು ಕ್ಯಾಮೆರಾದತ್ತ ತಿರುಗಿಸಿ ಹಿಡಿದರೆ, ಅಲ್ಲಿ ಬೀಳುವ ಬೆಳಕನ್ನು ಅಳೆಯುತ್ತದೆ.

ದಿವಾಕರನ ಕೈ ಪಿಸ್ತೂಲಿಗೆ ಹೋಯಿತು. ಅದನ್ನು ಕಣ್ಣಿಗೆ ಹಿಡಿದವನು ಇಡೀ ಸಿನಿಮಾದ ಯಜಮಾನನಂತೆ ಕಾಣುತ್ತಾನೆ. ಯಾವ ಕೆಲಸಕ್ಕೆ ಎಂದು ಅಂಗಡಿಯವರು ಕೇಳಿದಾಗ, ಸಿನಿಮಾ ಕಡೆಯದು ಎಂದುಬಿಟ್ಟ. ನಳಿನಿ ಛಾವಣಿಯಲ್ಲಿ ತಿರುಗುತ್ತಿದ್ದ ಫ್ಯಾನ್ ನೋಡಿದಳು. ಆಮೇಲೆ ಚೀಲದಿಂದ ಒಂದು ಬಿಳಿ ಸೀರೆ, ಒಂದು ಕಪ್ಪು ಸೀರೆ ತೆಗೆದು ಕೌಂಟರಿನ ಮೇಲೆ ಹಾಸಿದಳು. ಪಿಸ್ತೂಲು ಬಿಳಿಗೆ ಒಂದು ಅಂಕಿ ಹೇಳಿತು, ಕಪ್ಪಿಗೆ ಬೇರೊಂದು.

“ದೀಪ ಒಂದ ಐತಿ. ಇದು ಎರಡು ಮಾತಾಡತೈತಲ್ರೀ,” ಎಂದು ನಳಿನಿ ಗಂಡನಿಗೆ ಅಂದಳು.

“ಅದಕ್ಕ ಅನುಭವಸ್ಥರ ಕೈಯಾಗ ಇರಬೇಕು ಇದು.”

“ವಾಪಸ್ ಬಂದದ್ದು ಅನುಭವಸ್ಥರ ಫೋಟೊನ ಅಲ್ಲೇನ್ರೀ?”

ಅಂಗಡಿಯವರು ಚೆಂಡಿನ ಮೀಟರನ್ನು ಎರಡೂ ಸೀರೆಗಳ ಮೇಲೆ ಹಿಡಿದು ತೋರಿಸಿದರು. ಎರಡಕ್ಕೂ ಒಂದೇ ಅಂಕಿ. ಬಟ್ಟೆಯ ಬಣ್ಣ ಯಾವುದೆಂದು ಅದಕ್ಕೆ ಬೇಕಾಗಿಯೇ ಇರಲಿಲ್ಲ. ದಿವಾಕರ ಪಿಸ್ತೂಲನ್ನು ಕೆಳಗಿಟ್ಟು ಡಬ್ಬಿಯನ್ನು ಕಟ್ಟಿಕೊಡಲು ಹೇಳಿದ. ಸೋತದ್ದು ಎಲ್ಲಿಯಾದರೂ ಚುಚ್ಚೀತೆಂದು ಹಿಂದಿರುಗುವಾಗ ಭರೂಚಿನವರೆಗೂ ಕಾದ. ಆಮೇಲೆ ನಿದ್ದೆ ಹತ್ತಿತು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ಸೀರೆ ಮುಗಿದವು. ಕಂಪ್ಯೂಟರಿನವರು ನೋಡಿ, ಎಲ್ಲ ಒಂದೇ ತರಹ ಇವೆ, ಹೀಗೇ ಬರಲಿ ಎಂದು ಫೋನು ಮಾಡಿದರು. ಕೆಲಸ ಉಳಿಯಿತು ಎಂದು ದಿವಾಕರ ನಳಿನಿಗೆ ಹೇಳಿದ. ಅವಳು ಹೂಂ ಅಂದು ನಲವತ್ತೊಂದನೆಯ ಸೀರೆಯ ನೆರಿಗೆ ಹಿಡಿದಳು.

ಅವನು ಗೊಂಬೆಯ ಬಳಿ ಹೋಗಿ, ಕುತ್ತಿಗೆ ಮುಗಿದ ಮೇಲಿನ ಖಾಲಿ ಜಾಗದಲ್ಲಿ, ಮುಖದ ಎತ್ತರಕ್ಕೆ ಮೀಟರ್ ಹಿಡಿದ. ಗದ್ದ ಸ್ವಲ್ಪ ಮೇಲೆ ಎಂದು, ಮಾಡೆಲ್ ಹುಡುಗಿಯರಿಗೆ ಹೇಳುತ್ತಿದ್ದಂತೆ ಹಿಂದಿಯಲ್ಲಿ ಮೆಲ್ಲಗೆ ಹೇಳಿ, ಅದು ಏಳಲೆಂದು ಕಾದ.

ನಳಿನಿ ನೆರಿಗೆ ಬಿಟ್ಟು ತಲೆಯೆತ್ತಿದಳು. “ಯಾರಿಗ್ರೀ?”

ದಿವಾಕರ ಅಂಕಿ ಓದಿದ. ಬೆಳಿಗ್ಗೆ ಇದ್ದದ್ದೇ ಇತ್ತು.

“ಸೆರಗು ಸರಿ ಮಾಡು,” ಅಂದು ಕ್ಯಾಮೆರಾದ ಹಿಂದೆ ಹೋದ.