ಹೊಡೆದವನೇ ತೊಳೀಬೇಕು

ನನಗೆ ಕೋಪ ಮೂಗಿನ ತುದೀಲೇ. ಅಂಥವನ ಕೈಗೆ ನಮ್ಮೂರು ಚಾಟಿ ಕೊಟ್ಟಿತ್ತು. ಕನಕಪುರದಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ ದೂರದ ಊರು. ಎಲ್ಲಾ ಕ್ರೈಸ್ತರ ಮನೆಗಳೇ, ಎಲ್ಲಾ ರಾಗಿ, ರೇಷ್ಮೆ ಮಾಡೋರೇ. ಶುಭ ಶುಕ್ರವಾರದ ಮಧ್ಯಾಹ್ನ ಚರ್ಚಿನ ಬಯಲಲ್ಲಿ ಯೇಸುಸ್ವಾಮಿಯ ಪಾಡಿನ ನಾಟಕ. ಸ್ವಾಮಿಗೆ ಚಾಟಿ ಬೀಸುವ ಸೈನಿಕನ ಪಾತ್ರ ನಮ್ಮ ಮನೆಯದು. ಅಪ್ಪ ಮಾಡ್ತಿದ್ದ, ಅಪ್ಪ ಹೋದ ಮೇಲೆ ನಾನು.

ಚಾಟಿ ಹೆಣೆಯೋದೂ ಸೈನಿಕನದೇ ಕೆಲಸ. ಕತ್ತಾಳೆ ನಾರನ್ನ ನೆನೆಸಿ, ಬಡಿದು, ಹತ್ತಿಯಷ್ಟು ಮೆದು ಮಾಡಿ ಹೆಣೆಯಬೇಕು. ಕೆಂಪು ಬಣ್ಣದಲ್ಲಿ ಅದ್ದಿ ಬೀಸಿದರೆ ಸದ್ದು ಜೋರು, ನೋವಿಲ್ಲ, ಬೆನ್ನ ತುಂಬಾ ಕೆಂಪು ಗೆರೆ. ನಾಟಕ ಮುಗಿದ ಮೇಲೆ ಆ ಬಣ್ಣವನ್ನ ಬಿಸಿನೀರಲ್ಲಿ ಹೊಡೆದವನೇ ತೊಳೀಬೇಕು. ತೊಳೆಯೋಕೆ ಮುಂಚೆ ಅವನು "ಬುಟ್ಯಾ?" ಅಂತ ಕೇಳಬೇಕು, ಹೊಡೆಸಿಕೊಂಡವನು "ಬುಟ್ಟೆ" ಅನ್ನಬೇಕು. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ ತಾನೇ ಅಂತ ಅರ್ಥ. ವರ್ಷಾ ವರ್ಷಾ ಅದನ್ನ ನಗಾಡ್ಕೊಂಡೇ ಹೇಳ್ತಿದ್ವಿ.

ಆ ವರ್ಷ ಯೇಸುಸ್ವಾಮಿಯ ಪಾತ್ರ ಕೇಳಿದವನು ನಮ್ಮ ದೊಡ್ಡಪ್ಪನ ಮಗ. ನಮ್ಮವ್ವನ ಎಡಗಣ್ಣು ತೆಗೆದವನು.

ಆದದ್ದು ಇಷ್ಟು. ಅವನ ಹೊಲ, ನಮ್ಮ ಹಿಪ್ಪುನೇರಳೆ ತೋಟ, ನಡುವೆ ಒಂದು ಬದು. ಗಾಳಿ ನಮ್ಮ ಕಡೆ ಬೀಸ್ತಿದ್ದಾಗ ಅವನು ಹುರುಳಿಕಾಯಿ ಗಿಡಕ್ಕೆ ಔಷಧಿ ಹೊಡೆದ. ಒಂದು ಮಾತು ಹೇಳಲಿಲ್ಲ. ಅದು ಗೊತ್ತಿಲ್ಲದೆ ಸೊಪ್ಪು ಕುಯ್ದು ರೇಷ್ಮೆ ಹುಳಕ್ಕೆ ಹಾಕಿದ್ವಿ. ನಾಲ್ಕನೇ ಜ್ವರ ಎದ್ದು, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟೋಕೆ ವಾರ ಇದೆ ಅನ್ನೋ ಹುಳ ಬೆಳಗಾಗೋದ್ರಲ್ಲಿ ಹಸಿರು ಕಕ್ಕಿ ಸತ್ತು ಬಿದ್ದಿದ್ದವು. ಅವ್ವ ಸತ್ತ ಹುಳಾನ ಮಂಕರಿಗೆ ತುಂಬ್ಕೊಂಡು ಹೋಗಿ ಅವನ ಮುಖಕ್ಕೇ ಸುರಿದಳು. ಅವನ ಕೈಲಿ ಗುದ್ದಲಿ ಕಾವು ಇತ್ತು. ಬೀಸಿಬಿಟ್ಟ. ನಾನು ಓಡಿ ಹೋಗೋ ಹೊತ್ತಿಗೆ ಅವ್ವ ಬದುವಿನ ಮೇಲೆ ಕೂತಿದ್ದಳು, ಬೆರಳ ಸಂದಿಯಿಂದ ರಕ್ತ ಸೋರ್ತಿತ್ತು. ನಾನು ಅವನ ಎರಡು ಹಲ್ಲು ಉದುರಿಸಿದೆ. ಜನ ಬಿಡಿಸದೇ ಇದ್ದಿದ್ರೆ ಅವತ್ತೇ ಮುಗಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಕೆಲವು ತಿಂಗಳು ಜೈಲಲ್ಲಿದ್ದು ಬಂದ. ಬಂದವನು ಪಾದ್ರಿಗಳ ಹತ್ರ ಹೋಗಿ, ಹರಕೆ ಹೊತ್ತಿದ್ದೀನಿ, ನಲವತ್ತು ದಿನ ಒಪ್ಪೊತ್ತಿನ ಉಪವಾಸ ಇದ್ದು ಸ್ವಾಮಿಯ ಪಾತ್ರ ಮಾಡ್ತೀನಿ ಅಂದ. ಉಪವಾಸ ಶುರುವಾಗೋ ಬೂದಿ ಬುಧವಾರ ಸಂಜೆ ನಮ್ಮ ಹೊಸಿಲಿಗೆ ಬಂದು ನಿಂತ.

"ಚಿಕ್ಕವ್ವಾ, ತಪ್ಪಾಯ್ತು."

ಅವ್ವ ಅವನನ್ನ ಒಳಗೆ ಕೂರಿಸಿ ತಟ್ಟೆಗೆ ಮುದ್ದೆ ಇಟ್ಟಳು. ನಾನು ತಟ್ಟೇನ ಒದ್ದೆ. ಮುದ್ದೆ ಗೋಡೆಗೆ ಬಡೀತು. ಅವ್ವ ಇನ್ನೊಂದು ತಟ್ಟೆ ತಂದು ಇನ್ನೊಂದು ಮುದ್ದೆ ಇಟ್ಟಳು.

"ನಾನು ಬುಟ್ಟಿವ್ನಿ ಕಣೋ. ನೀನೂ ಬುಟ್ಬುಡು. ನಾನು ಸಾಯೋಕ್ ಮುಂಚೆ ನೀವಿಬ್ರೂ ಒಂದೇ ಪಂಕ್ತೀಲಿ ಉಣ್ಣೋದು ನೋಡ್ಬೇಕು."

"ನಿಂಗೇನವ್ವ, ಆ ಕಣ್ಣಿನ ಗುಳೀನ ನೀನು ನೋಡ್ಕಳಲ್ಲ. ದಿನಾ ನೋಡೋನು ನಾನು," ಅಂದೆ.

ಆ ವರ್ಷ ಚಾಟಿ ಹೆಣೆಯುವಾಗ ನಾರಿನ ಒಳಗೆ ಬೈಂಡಿಂಗ್ ವೈರ್ ಸೇರಿಸಿದೆ. ಕಲ್ಲು ಕ್ವಾರಿಯಿಂದ ತಂದದ್ದು. ತುದಿಗಳನ್ನ ಮಡಚಲಿಲ್ಲ. ಕೆಂಪು ಬಣ್ಣದಲ್ಲಿ ಅದ್ದಿದ ಮೇಲೆ ಯಾರಿಗೆ ಕಾಣುತ್ತೆ?

ನಾಟಕದ ದಿನ ಉರಿಬಿಸಿಲು. ಸುತ್ತಲ ಊರವರೆಲ್ಲಾ ಬಂದಿದ್ರು, ಚನ್ನಪಟ್ಟಣ, ಮಾಗಡಿಗೆ ಕೊಟ್ಟ ಹೆಣ್ಣುಮಕ್ಕಳೂ ಬಂದಿದ್ರು. ಅವನನ್ನ ಕಂಬಕ್ಕೆ ಕಟ್ಟಿದರು. ಉಪವಾಸದಿಂದ ಪಕ್ಕೆಲುಬು ಎದ್ದಿದ್ದವು. ಮೊದಲ ಏಟಿಗೇ ಅವನ ಮೈ ಕಂಬಕ್ಕೆ ಅಪ್ಪಳಿಸಿತು. ಅವನಿಗೆ ಗೊತ್ತಾಯ್ತು. ಕೂಗಲಿಲ್ಲ. ಎರಡನೇ ಏಟಿಗೆ ಚರ್ಮ ಹರೀತು. ಮೂರನೇದಕ್ಕೆ ಚಾಟಿ ಮಾಂಸಕ್ಕೆ ಕಚ್ಚಿಕೊಂಡಿತು, ಎಳೆದು ಬಿಡಿಸಿಕೊಂಡೆ. ಜನ ಎದೆ ಎದೆ ಬಡ್ಕೊಂಡು ಅಳ್ತಿದ್ರು. "ಅಬ್ಬಬ್ಬಾ, ಏನ್ ಆಕ್ಟಿಂಗು!" ಅಂತ ಯಾವನೋ ಹಿಂದೆ ಅಂದ.

ಅವನು ತಲೆ ತಿರುಗಿಸಿ ನನಗೆ ಮಾತ್ರ ಕೇಳೋ ಹಾಗೆ ಅಂದ: "ಹೊಡಿ ಕಣ್ಲಾ. ನಿಂಗೆ ಸಾಕಾಗೋಗಂಟ ಹೊಡಿ."

ಆ ಮಾತು ಕೇಳಿ ನನಗೆ ಇನ್ನೂ ಉರಿ ಹತ್ತಿತು. ಏಟು ತಿಂದು ಚುಕ್ತಾ ಮಾಡ್ಕೊಂಡು ಹೋಗಿಬಿಡ್ತಾನಾ ಇವನು? ನನ್ನ ಕೈಯಿಂದಲೇ ಶುದ್ಧ ಆಗಿಬಿಡ್ತಾನಾ? ಲೆಕ್ಕ ತಪ್ಪಿತು. ಬೀಸಿದೆ, ಬೀಸಿದೆ. ಕೈ ಸೋತಿತು, ಆದರೆ ಸಾಕು ಅನ್ನಿಸಲಿಲ್ಲ. ಅದಕ್ಕೆ ನನಗೇ ಹೆದರಿಕೆ ಆಯ್ತು.

ಅಷ್ಟು ಸಾವಿರ ಕಣ್ಣಿಗೆ ಬಣ್ಣವಾಗಿ ಕಂಡದ್ದು ಅವ್ವನ ಒಂದೇ ಕಣ್ಣಿಗೆ ರಕ್ತ ಅಂತ ಗೊತ್ತಾಗಿತ್ತು. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಬಂದು, ಎಲ್ಲರ ಎದುರಿಗೇ ನನ್ನ ಕೆನ್ನೆಗೆ ಬಾರಿಸಿದಳು.

"ಎಲ್ಲಾರ್ ಪಾಲಿನ ಏಟೂ ಸ್ವಾಮಿ ಅವತ್ತೇ ತಿಂದಾಯ್ತು ಕಣೋ! ಮತ್ತೆ ಯಾಕೋ ಈ ಮಗೀನ ಬೆನ್ನು ಸುಲೀತಿದ್ದೀಯ? ಸ್ವಾಮೀದು ಸಾಲ್ದಾಯ್ತಾ ನಿಂಗೆ?"

ಅವ್ವ ಸೆರಗನ್ನ ಅವನ ಬೆನ್ನಿಗೆ ಒತ್ತಿ ಹಿಡಿದಳು. ಸೆರಗು ತೊಪ್ಪೆ ಆಯ್ತು. ಪಾದ್ರಿಗಳು ನಾಟಕ ನಿಲ್ಲಿಸಿ ಅಂದರು. ಅವನು ಒಪ್ಪಲಿಲ್ಲ, ಹರಕೆ, ಮುಗಿಸ್ತೀನಿ ಅಂದ. ಅದೇ ಬೆನ್ನಿನ ಮೇಲೆ ಶಿಲುಬೆ ಹೊತ್ತ. ಎರಡು ಸಲ ನಾಟಕಕ್ಕೆ ಬಿದ್ದ, ಮೂರನೇ ಸಲ ನಿಜವಾಗಿ ಬಿದ್ದ. ನಾನು ಭರ್ಜಿ ಹಿಡ್ಕೊಂಡು ಪಕ್ಕದಲ್ಲಿ ನಡೆದೆ.

ಸಂಜೆ ಚರ್ಚಿನ ಹಿಂದಿನ ತೊಟ್ಟಿ ಹತ್ರ ಅವ್ವನೇ ಬಿಸಿನೀರಿನ ಹಂಡೆ ತಂದಿಟ್ಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದರೆ ಬಂದೀತೆ ಅಂತಾರೆ. ಆ ಬೆನ್ನು ನೋಡಿ ನನಗೆ ಅಳು ಬಂತು. ಅತ್ತುಬಿಟ್ಟೆ. ಆದರೂ ಕೇಳಲೇಬೇಕಲ್ಲ.

"ಬುಟ್ಯಾ?" ಅಂದೆ.

"ಬುಟ್ಟೆ," ಅಂದ. ಆಮೇಲೆ ಯಾವ ವರ್ಷವೂ ಯಾರೂ ಕೇಳದೇ ಇದ್ದದ್ದನ್ನ ಕೇಳಿದ: "ನೀನು?"

ಅವ್ವ ಚೊಂಬು ಹಿಡಿದು ನಿಂತಿದ್ದಳು. "ಕೇಳ್ತಾವ್ನೆ, ಹೇಳೋ," ಅಂದಳು.

"ಬುಟ್ಟೆ," ಅಂದೆ.

ಅವತ್ತಿಗೆ ಅದು ಸುಳ್ಳು. ನಿಜ ಆಗೋಕೆ ಇನ್ನೂ ಎಷ್ಟೋ ಕಾಲ ಹಿಡೀತು. ಸುಳ್ಳು ಅಂತ ಅವ್ವನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಕಲ್ಲಿನ ಮೇಲೆ ಕೂತು, ಹರಿದ ಬೆನ್ನನ್ನ ನನ್ನ ಕೈ ಕಡೆಗೇ ತಿರುಗಿಸಿದ.